ಅಪ್ಪನಿಗೆ ನೀನೇ ಬಂದು ಹೇಳು

ಚಿತ್ರದುರ್ಗ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯ,

ಮೊನ್ನೆ ನಿನ್ನ ಫೋನ್ ಬಂದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಜೋಗಿಮಟ್ಟಿ ರಸ್ತೆಯ ಮನೆ ಕೆಡವಿ ಮೂರಂತಸ್ತು ಎತ್ತಬೇಕು ಅಂದೆ. ಸೈಟು ನಿನ್ನದು, ಮನೆ ನಿನ್ನದು, ಅದಕ್ಕೆ ನನ್ನ ತಕರಾರಿಲ್ಲ ಕಣೋ. ಆದರೆ ಫೋನ್ ಇಡುವಾಗ ಒಂದು ಮಾತು ಅಂದೆಯಲ್ಲ, "ನಿಮ್ಮ ಅಪ್ಪಾಜಿಗೆ ಈಗಲೇ ಹೇಳಬೇಡ, ಬೇಜಾರು ಮಾಡ್ಕೋತಾರೆ, ಎಲ್ಲ ಮುಗಿದ ಮೇಲೆ ನೋಡೋಣ" ಅಂತ. ಅದಕ್ಕೆ ನಾನು ಹೂಂ ಅಂದುಬಿಟ್ಟೆ. ಅನ್ನಬಾರದಿತ್ತು. ಅದಕ್ಕೇ ಈ ಪತ್ರ.

ಆ ಮನೆ ಕಟ್ಟಿದ್ದು 1996ರಲ್ಲಿ. ನಾವಿಬ್ಬರೂ ಐದನೇ ಕ್ಲಾಸು. ನಿಮ್ಮ ತಂದೆ ಮೇಷ್ಟ್ರು, ನಮ್ಮಪ್ಪ ಮೇಸ್ತ್ರಿ. ಮೇಷ್ಟ್ರ ಮನೆ ಸಾಲ ಕಂತಿನಲ್ಲಿ ಬರುತ್ತಿತ್ತು. ಪಾಯಕ್ಕೆ ಒಂದು ಕಂತು, ಲಿಂಟಲ್‌ಗೆ ಒಂದು ಕಂತು. ನಡುವೆ ದುಡ್ಡು ತಡವಾದರೆ ಕೆಲಸ ನಿಲ್ಲುತ್ತಿತ್ತು. ಅಪ್ಪ ಚದರಕ್ಕೆ ಇಷ್ಟು ಅಂತ ಕೂಲಿ ಮಾತಾಡಿ ಒಂಬತ್ತು ಚದರದ ಮನೆ ಒಪ್ಪಿಕೊಂಡಿದ್ದರು. ಮುಂಬಾಗಿಲು ನಿಲ್ಲಿಸಿದ ದಿನ ನೆನಪಿದೆಯಾ? ಹೊಸ್ತಿಲ ಕೆಳಗೆ ನವಧಾನ್ಯ ಹಾಕಿ ಆದ ಮೇಲೆ ನಿಮ್ಮಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಹಳೇ ಬೆಳ್ಳಿ ರೂಪಾಯಿ ಕೊಟ್ಟರು. ಅವರ ತವರಿನದು. ಅಪ್ಪ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಕರಣೆಯಿಂದ ಗಾರೆ ಸರಿಸಿ ಒಳಗಿಟ್ಟರು.

ಮೋಲ್ಡ್ ಹಾಕಿದ ಮಾರನೇ ದಿನದಿಂದ ನಮಗೂ ಕೆಲಸ ಸಿಕ್ಕಿತು. ತಾರಸಿ ಮೇಲೆ ಮಣ್ಣಿನಿಂದ ಪಾತಿ ಕಟ್ಟಿದ್ದರು, ಗದ್ದೆಯ ಮಡಿಗಳ ಹಾಗೆ. ಅದರಲ್ಲಿ ನೀರು ಆರದಂತೆ ನೋಡಿಕೊಳ್ಳಬೇಕು. ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೀದಿ ಕೊನೆಯ ಕೈಪಂಪಿನಿಂದ ಕೊಡ ಹೊತ್ತು ಏಣಿ ಹತ್ತುತ್ತಿದ್ದೆವು. ಸ್ಕೂಲಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ. ಸಂಜೆ ಕೈಯಿಟ್ಟರೆ ಪಾತಿಯ ನೀರು ಸ್ನಾನದ ನೀರಿನ ಹಾಗೆ ಬೆಚ್ಚಗಿರುತ್ತಿತ್ತು. "ಸಿಮೆಂಟು ಒಣಗಿ ಗಟ್ಟಿಯಾಗಲ್ಲ ಮಕ್ಕಳೇ, ನೀರು ಕುಡಿದು ಗಟ್ಟಿಯಾಗುತ್ತೆ" ಅಂತ ಅಪ್ಪ ಹೇಳುತ್ತಿದ್ದರು. ಹದಿನಾಲ್ಕು ದಿನ ಬಿಡದೆ ಹೊತ್ತೆವು. ಮುಂದೆ ತಂಗಿ ಸಿವಿಲ್ ಡಿಪ್ಲೊಮಾ ಓದುವಾಗ, ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಲೆಕ್ಕ ಹಿಡಿಯುತ್ತಾರೆ ಅಂತ ಪುಸ್ತಕ ತೋರಿಸಿದಳು. ಅಪ್ಪ ಪುಸ್ತಕ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅವರು ಓದಿದ್ದು ನಾಲ್ಕನೇ ಕ್ಲಾಸು.

ತಂಗಿ ಡಿಪ್ಲೊಮಾ ಓದಿದ್ದು ಮೇಷ್ಟ್ರ ದೆಸೆಯಿಂದ ಅಂತ ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ. ಅದೇ ಮನೆಯ ವರಾಂಡದಲ್ಲಿ ಆರು ವರ್ಷ ನನಗೂ ತಂಗಿಗೂ ಲೆಕ್ಕ ಹೇಳಿಕೊಟ್ಟರು. ಒಂದು ಪೈಸೆ ತಗೊಳ್ಳಲಿಲ್ಲ. ಅಪ್ಪನ ಕೊನೇ ಕಂತು ತಡವಾಯಿತು ಅಂತ ಅವರಿಗೆ ಸಂಕೋಚ ಇತ್ತು. ತಡವಾದರೂ ಪೂರ್ತಿ ಕೊಟ್ಟರು.

ಎಲ್ಲರೂ ಹಾಗಿರಲಿಲ್ಲ. ನಾವು ಹೈಸ್ಕೂಲಿನಲ್ಲಿದ್ದಾಗ ಒಬ್ಬರು ಗೃಹಪ್ರವೇಶದಲ್ಲಿ ಅಪ್ಪನಿಗೆ ಪಂಚೆ, ಶಲ್ಯ ಹೊದಿಸಿ ಊಟ ಹಾಕಿ ಕಳಿಸಿದರು. ಬಾಕಿ ದುಡ್ಡು ಮಾತ್ರ ಇವತ್ತಿಗೂ ಬಂದಿಲ್ಲ. ಶನಿವಾರ ಬಟವಾಡೆ. ಸಂಜೆ ಆಳುಗಳು ನಮ್ಮ ಮನೆ ಮುಂದೆ ಬಂದು ಕೂರುವ ಹೊತ್ತಿಗೆ ಅಮ್ಮನ ಎರಡು ಬಳೆ ಅಡಕ್ಕೆ ಹೋಗಿತ್ತು. ಲೆಕ್ಕದ ಪುಸ್ತಕ ಅಮ್ಮನದು. ಯಾರು ಎಷ್ಟು ದಿನ ಬಂದರು, ಯಾರಿಗೆ ಮುಂಗಡ ಹೋಗಿದೆ, ಎಲ್ಲ ಅದರಲ್ಲಿತ್ತು. ಆ ದಿನ ಒಬ್ಬ ಹೆಣ್ಣಾಳಿನ ಮಗುವಿಗೆ ಜ್ವರ. ಅಮ್ಮ ಅವಳ ಕೂಲಿ ಎಣಿಸಿ ಕೊಟ್ಟು, ಮೇಲೆ ಐವತ್ತು ರೂಪಾಯಿ ಇಟ್ಟಳು. ಆ ಐವತ್ತನ್ನು ಪುಸ್ತಕದಲ್ಲಿ ಬರೆಯಲಿಲ್ಲ. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಅಮ್ಮನ ಖಾಲಿ ಕೈ ನೋಡಿ ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ನಮ್ಮ ಸಂಸಾರ ನಿಂತದ್ದು ಅಪ್ಪನ ಗೋಡೆಯ ಮೇಲೆ ಎಷ್ಟೋ, ಅಮ್ಮನ ಆ ಪುಸ್ತಕದ ಮೇಲೂ ಅಷ್ಟೇ.

ಈಗ ಅಪ್ಪನ ಕೈ ನೋಡಿದರೆ ನಿನಗೆ ಗುರುತು ಸಿಗಲ್ಲ. ಹಸಿ ಸಿಮೆಂಟಿನಲ್ಲಿ ಅದ್ದಿ ಅದ್ದಿ ಬೆರಳ ತುದಿಯ ಗೆರೆಗಳೇ ಸವೆದು ಹೋಗಿವೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಅರವತ್ತಾದ ಮೇಲೆ ಕಟ್ಟಡ ಕಾರ್ಮಿಕರ ಪಿಂಚಣಿಗೆ ಅರ್ಜಿ ಹಾಕಲು ಹೋದೆವು. ಅಲ್ಲೂ ಒಂದೊಂದೇ ಬೆರಳು ಒತ್ತಿಸಿದರು, ಹತ್ತರಲ್ಲಿ ಒಂದೂ ಬೀಳಲಿಲ್ಲ. ಅಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಮತ್ತೆ ಇಡುತ್ತಿದ್ದರು. ನನಗೆ ನೋಡಲಾಗಲಿಲ್ಲ. ಆಮೇಲೆ ಬೇರೆ ದಾರಿಯಲ್ಲಿ ಕೆಲಸ ಆಯಿತು ಬಿಡು.

2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತಲ್ಲ, 1933 ಆದ ಮೇಲೆ ಅದೇ ಮೊದಲು, 89 ವರ್ಷಕ್ಕೆ. ನಾವೂ ಜನದ ಜೊತೆ ಹಿರಿಯೂರಿಗೆ ಹೋಗಿದ್ದೆವು. ಎಲ್ಲರೂ ನೀರು ನೋಡುತ್ತಿದ್ದರೆ ಅಪ್ಪ ಕಲ್ಲು ನೋಡುತ್ತಾ ನಿಂತರು. 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಅಣೆಕಟ್ಟು, ಸುಣ್ಣಕ್ಕೆ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬೆರೆಸಿದ ಗಾರೆಯ ಕೆಲಸ. ಅಜ್ಜನೂ ಗಾಣದಲ್ಲಿ ಅರೆದ ಸುಣ್ಣದ ಗಾರೆಯಲ್ಲೇ ಕೆಲಸ ಕಲಿತವರು. "ಒಳಗೆ ಹೆಂಗಿದೆಯೋ ಗಾರೆ, ಒಂದು ಸಲ ನೋಡಬೇಕಿತ್ತು" ಅಂದರು ಅಪ್ಪ. ಆಗ ಆ ಮಾತು ನನಗೆ ಅರ್ಥವಾಗಿರಲಿಲ್ಲ.

ನಿನ್ನ ಫೋನ್ ಬಂದ ಮೇಲೆ ಅರ್ಥವಾಯಿತು. ಜೊತೆಗೆ 2009 ನೆನಪಾಯಿತು. ಹಳ್ಳಿಯಲ್ಲಿ ಅಜ್ಜನ ಮಾಳಿಗೆ ಮನೆ ಗೋಡೆ ಉಬ್ಬಿತ್ತು, ಇನ್ನೊಂದು ಮಳೆಗಾಲ ತಡೆಯುತ್ತಿರಲಿಲ್ಲ. ಬೇರೆಯವರ ಕೈಲಿ ಕೆಡವಿಸೋಣ, ಅಪ್ಪನಿಗೆ ಯಾಕೆ ಸಂಕಟ ಅಂತ ನಾನೂ ಆಗ ನಿನ್ನ ಹಾಗೇ ಯೋಚಿಸಿದ್ದೆ. ಅಪ್ಪ ಬಿಡಲಿಲ್ಲ. ತಾವೇ ಮೇಲೆ ಹತ್ತಿದರು. ಮೊದಲು ಮಾಳಿಗೆಯ ಮಣ್ಣು ಇಳಿಸಿದರು, ಆಮೇಲೆ ಜಂತೆ, ಆಮೇಲೆ ತೊಲೆ, ಕೊನೆಗೆ ಕಂಬ. ಪ್ರತಿ ತೊಲೆಗೂ ಸೀಮೆಸುಣ್ಣದಲ್ಲಿ ನಂಬರು ಹಾಕಿದರು. ದೀಪದ ಗೂಡಿನ ಗಾರೆ ಒಡೆಯುವಾಗ ಒಂದು ಚೂರು ತೆಗೆದು ಮೂಸಿ ನೋಡಿ, ಜೇಬಿಗೆ ಹಾಕಿಕೊಂಡರು. ಮಧ್ಯಾಹ್ನ ರೊಟ್ಟಿ ತಿನ್ನುತ್ತಾ ಅಂದರು: "ಪಾಯದ ಕಲ್ಲು ಒಂದೂ ಅಲ್ಲಾಡಿಲ್ಲ ನೋಡು, ನಮ್ಮಪ್ಪನ ಕೆಲಸ." ಅಷ್ಟು ಖುಷಿಯಾಗಿ ಅವರು ಮಾತಾಡಿದ್ದು ನಾನು ಕೇಳಿದ್ದು ಕಡಿಮೆ.

ಗೋಡೆ ಮುಚ್ಚಿದ ಮೇಲೆ ಒಳಗೆ ಏನಾಗಿದೆ ಅಂತ ಕಟ್ಟಿದವರಿಗೂ ಕಾಣಲ್ಲ. ಕಬ್ಬಿಣ ತುಕ್ಕು ಹಿಡಿದಿದೆಯಾ, ಗಾರೆ ಇಟ್ಟಿಗೆಯನ್ನು ಬಿಟ್ಟಿದೆಯಾ, ಬಿಚ್ಚಿದಾಗಲೇ ತಿಳಿಯೋದು. ನಿನ್ನ ಮನೆ ಬಿಚ್ಚುವ ದಿನ ಅಪ್ಪ ಅಲ್ಲಿರಬೇಕು ಕಣೋ. ನಾವಿಬ್ಬರು ನೀರು ಹೊತ್ತ ತಾರಸಿಯನ್ನು ಅವರು ಒಳಗಿನಿಂದ ನೋಡಬೇಕು.

ಮೂರಂತಸ್ತು ಬೇಕಾದರೆ ಹಳೇ ಮನೆ ಕೆಡವಬೇಕು ಅನ್ನೋ ಮಾತು ಸರಿಯೇ. ತಂಗಿಯನ್ನು ಕೇಳಿದೆ. ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಗೋಡೆ, ಕಾಲಂ ಇಲ್ಲ, ಅದರ ಮೇಲೆ ಅಷ್ಟು ಭಾರ ಹೇರಬಾರದು ಅಂದಳು. ಪ್ಲಾನ್ ತಾನೇ ನೋಡಿಕೊಡುತ್ತಾಳಂತೆ. ಅಪ್ಪನೂ ಇದನ್ನೇ ಹೇಳುತ್ತಾರೆ, ನೋಡುತ್ತಿರು. ಹೊಸ ಮನೆಯ ಕೆಲಸ ಅಪ್ಪನಿಗೇ ಕೊಡು ಅಂತ ನಾನು ಕೇಳುತ್ತಿಲ್ಲ. ಅವರಿಗೆ ಈಗ ಸಾರುವೆ ಹತ್ತಲು ಆಗಲ್ಲ. ಜೆಸಿಬಿ ಬರುವ ಮುಂಚೆ ನೀನು ಬಂದು ಅವರಿಗೆ ಹೇಳಬೇಕು, ಅಷ್ಟೇ. ನಾನು ಹೇಳಿದರೆ ಅದು ಸುದ್ದಿ ಆಗುತ್ತೆ. ನೀನು ಹೇಳಿದರೆ ಮೇಷ್ಟ್ರ ಮಗ ಬಂದು ಕೇಳಿದ ಹಾಗಾಗುತ್ತೆ.

ಬರುವ ಅಮಾವಾಸ್ಯೆಗೆ ಬಾ. ಆವತ್ತು ಯಾರಿಗೂ ಕೆಲಸ ಇರಲ್ಲ, ಅಪ್ಪ ಬೆಳಿಗ್ಗೆಯಿಂದ ಮನೆಯಲ್ಲೇ ಇರುತ್ತಾರೆ. ಅಮ್ಮ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತಾಳೆ. ಊಟ ಮುಗಿಸಿ ಮೂವರೂ ಜೋಗಿಮಟ್ಟಿ ರಸ್ತೆಗೆ ನಡೆದುಕೊಂಡು ಹೋಗೋಣ. ನಿಮ್ಮಮ್ಮನ ಬೆಳ್ಳಿ ರೂಪಾಯಿ ಹೊಸ್ತಿಲ ಯಾವ ಮೂಲೆಯಲ್ಲಿದೆ ಅಂತ ಅಪ್ಪನಿಗೆ ಗೊತ್ತಿದೆ. ಅದನ್ನು ಮೊದಲು ತೆಗೆದು ನಿನ್ನ ಕೈಗೆ ಕೊಡಲಿ.

ಇಂತಿ ನಿನ್ನ,
ಮೇಸ್ತ್ರಿ ಮಗ