ಮನೆ ಬೆಳೆಯಿತು, ಅಲಾರಂ ಹಳೆಯ ಗೋಡೆಗೇ ನಿಂತಿತು

ಮಾನ್ಯ ಸಂಪಾದಕರೇ,

ಬೀಗ ಹಾಕಿ ಊರಿಗೆ ಹೋದವರ ಮನೆಯಲ್ಲಿ ಕಳವಾದ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಅಲಾರಂ ಹಾಕಿಸಿಕೊಳ್ಳಿ ಎಂಬ ಬುದ್ಧಿಮಾತೂ ಜೊತೆಗಿರುತ್ತದೆ. ನಮ್ಮ ಮನೆಯಲ್ಲಿ 2014ರಿಂದ ಅಲಾರಂ ಇದೆ. ಆದರೂ ಕಳೆದ ಎಳ್ಳಮಾವಾಸ್ಯೆ ಜಾತ್ರೆಗೆಂದು ನಾನು ತೀರ್ಥಹಳ್ಳಿಯ ತಂಗಿ ಮನೆಗೆ ಹೋಗಿದ್ದ ಎರಡು ದಿನದಲ್ಲಿ ಬಚ್ಚಲ ತಾಮ್ರದ ಹಂಡೆ ಹೋಯಿತು, ತುಂಬಿದ ಗ್ಯಾಸ್ ಸಿಲಿಂಡರ್ ಹೋಯಿತು. ಹಂಡೆ ನಮ್ಮ ಅತ್ತೆಯವರ ಕಾಲದ್ದು. ಎತ್ತಲು ಇಬ್ಬರಾದರೂ ಬೇಕು. ಬಂದವರಿಗೆ ಅವಸರವೇನೂ ಇರಲಿಲ್ಲ.

ಯಾಕಿರಲಿಲ್ಲ ಎಂದು ಹೇಳುವುದಕ್ಕೇ ಈ ಪತ್ರ. ಎರಡು ವರ್ಷದ ಹಿಂದೆ ಮಗ ಮನೆಯ ಹಿಂಬದಿಗೆ ಒಂದು ಕೋಣೆ, ಬಚ್ಚಲು, ತಾರಸಿಗೆ ಮೆಟ್ಟಿಲು ಕಟ್ಟಿಸಿದ. ಅಡುಗೆಮನೆಯ ಹಿತ್ತಲ ಬಾಗಿಲು ಈಗ ಹಿತ್ತಲಿಗೆ ತೆರೆಯುವುದಿಲ್ಲ, ಹೊಸ ಕೋಣೆಗೆ ತೆರೆಯುತ್ತದೆ. ಅಲಾರಂನ ಪಾಲಿಗೆ ಮಾತ್ರ ಮನೆ ಅಲ್ಲಿಗೇ ಮುಗಿಯುತ್ತಿತ್ತು. ಬಾಗಿಲು ತೆರೆದರೆ ತಿಳಿಸುವ ಅಯಸ್ಕಾಂತದ ಸೆನ್ಸರ್ ಅದೇ ಹಳೆಯ ಬಾಗಿಲವಾಡದಲ್ಲಿ ಕೂತು ನನ್ನದೇ ಎರಡು ಕೋಣೆಗಳ ನಡುವೆ ಕಾವಲು ಕಾಯುತ್ತಿತ್ತು. ರಾತ್ರಿ ಅಲಾರಂ ಹಾಕಿ ಮಲಗಿದರೆ, ಎರಡು ಗಂಟೆಗೆ ಬಚ್ಚಲಿಗೆ ಎದ್ದ ನನ್ನ ಮೇಲೇ ಸೈರನ್ ಕೂಗುವುದು. ಎದುರುಮನೆಯವರು ಎರಡು ಸಲ ಟಾರ್ಚ್ ಹಿಡಿದು ಓಡಿ ಬಂದರು, ಮೂರನೇ ಸಲ ಬರಲಿಲ್ಲ. ಅವರದೇನು ತಪ್ಪು? ಆಮೇಲೆ ರಾತ್ರಿ ಹಾಕುವುದನ್ನೇ ಬಿಟ್ಟೆ, ಊರಿಗೆ ಹೋಗುವಾಗ ಮಾತ್ರ ಹಾಕುತ್ತಿದ್ದೆ. ಕಳ್ಳರು ಹೊಸ ಕೋಣೆಯ ಹಿಂಬಾಗಿಲ ಚಿಲಕ ಮೀಟಿ ಒಳಬಂದು, ಬೇಕಾದ್ದನ್ನೆಲ್ಲ ಹೊರಗೆ ಸಾಗಿಸಿ, ಕೊನೆಗೆ ಅಡುಗೆಮನೆ ಬಾಗಿಲಿಗೆ ಕೈ ಹಾಕಿದಾಗ ಸೈರನ್ ಹೊಡೆದಿದೆ. ಅಷ್ಟರಲ್ಲಿ ಹಂಡೆ ಗಾಡಿ ಹತ್ತಿಯಾಗಿತ್ತು.

ಅಲಾರಂ ಹಾಕಿದ್ದ ಅಂಗಡಿಗೆ ಫೋನ್ ಮಾಡಿದೆ. “ಮೇಡಂ, ಅದು ಹಳೇ ಮಾಡೆಲ್ಲು, ಮುಂದಕ್ಕೆ ಎಳೆಯೋಕಾಗಲ್ಲ. ಹೊಸ ಸೆಟ್ಟೇ ಹಾಕ್ಸಿ, 38 ಸಾವಿರ ಆಗುತ್ತೆ” ಎಂದರು. ನಾನು ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಹೇಳಿಕೊಟ್ಟವಳು. ಆಗಲ್ಲ ಎಂದರೆ ಯಾಕಾಗಲ್ಲ ಎಂದು ಕೇಳುವುದು ಬಿಡಲಾರದ ಚಟ. ಸಿಸಿ ಕ್ಯಾಮೆರಾ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿ, ಸೆನ್ಸರ್ ತಂತಿಗಳೆಲ್ಲ ಬಂದು ಸೇರುವ ಅಲಾರಂ ಪೆಟ್ಟಿಗೆಯ ಮುಚ್ಚಳ ತೆಗೆಸಿದೆ. (ಮುಚ್ಚಳ ತೆಗೆದರೂ ಸೈರನ್ ಹೊಡೆಯುತ್ತದೆಂದು ಇಬ್ಬರಿಗೂ ನೆನಪಿರಲಿಲ್ಲ. ಬೀದಿಗೆ ಇನ್ನೊಮ್ಮೆ ಕ್ಷಮೆ ಕೇಳಿದ್ದಾಯಿತು.) ಪೆಟ್ಟಿಗೆಯಲ್ಲಿ ಇದ್ದದ್ದು ಎಂಟು ಜೋನ್, ಅಂದರೆ ಸೆನ್ಸರ್ ತಂತಿ ಜೋಡಿಸುವ ಎಂಟು ಬೇರೆಬೇರೆ ಜಾಗ. ಬಳಸಿದ್ದು ಐದು. ಉಳಿದ ಮೂರಕ್ಕೆ ಒಂದೊಂದು ರೆಸಿಸ್ಟರ್ (ವಿದ್ಯುತ್ತಿಗೆ ರೋಧ ಒಡ್ಡುವ ಪುಟ್ಟ ಬಿಡಿಭಾಗ) ಸಿಕ್ಕಿಸಿ ಖಾಲಿ ಬಿಟ್ಟಿದ್ದರು. ಜಾಗ ಹತ್ತು ವರ್ಷದಿಂದ ಅಲ್ಲೇ ಇತ್ತು.

ಆ ರೆಸಿಸ್ಟರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಪಾಠ ಅನ್ನಿಸಿದರೆ ಕ್ಷಮಿಸಿ. ಬಾಗಿಲು ಮುಚ್ಚಿದ್ದಾಗ ಅದರ ಮೂಲಕವೇ ವಿದ್ಯುತ್ ಹರಿಯುತ್ತದೆ, ಇಷ್ಟು ರೋಧ ಇದೆ, ಎಲ್ಲ ಸರಿ ಎಂದು ಪೆಟ್ಟಿಗೆಗೆ ತಿಳಿಯುತ್ತದೆ. ಬಾಗಿಲು ತೆರೆದರೆ ಅಥವಾ ತಂತಿ ಕತ್ತರಿಸಿದರೆ ವಿದ್ಯುತ್ ಮಂಡಲ ಕಡಿಯುತ್ತದೆ. ಯಾರಾದರೂ ಎರಡು ತಂತಿ ಸೇರಿಸಿ ಹೊಸೆದರೆ ರೋಧ ಸೊನ್ನೆಯಾಗುತ್ತದೆ, ಅದೂ ಗೊತ್ತಾಗುತ್ತದೆ. ಈ ಕೊನೆಯದು ಗೊತ್ತಾಗುವುದು ರೆಸಿಸ್ಟರ್ ತಂತಿಯ ಆ ತುದಿಯಲ್ಲಿ, ಸೆನ್ಸರ್ ಪಕ್ಕದಲ್ಲಿ ಇದ್ದರೆ ಮಾತ್ರ. ನಮ್ಮ ಹುಡುಗ ಕೈಗೆ ಸುಲಭವೆಂದು ಪೆಟ್ಟಿಗೆಯೊಳಗೇ ಸಿಕ್ಕಿಸಲು ಹೊರಟಿದ್ದ. ಹಾಗೆ ಮಾಡಿದರೆ ದಾರಿಯಲ್ಲಿ ತಂತಿ ಶಾರ್ಟ್ ಆದಾಗ, ಬಾಗಿಲು ಹಾರು ಹೊಡೆದಿದ್ದರೂ ಪೆಟ್ಟಿಗೆಗೆ ಮುಚ್ಚಿದಂತೆಯೇ ಕಾಣುತ್ತದೆ. ಒಂದು ತಂತಿ ಉಳಿಯುತ್ತದೆಂದು ಹೊಸ ಬಾಗಿಲನ್ನು ಅಡುಗೆಮನೆಯ ಜೋನಿಗೇ ಜೋಡಿಸುವ ಯೋಚನೆಯೂ ಅವನಿಗಿತ್ತು. ಆಗ ಹೊಡೆದದ್ದು ಯಾವ ಬಾಗಿಲು ಎಂದು ಹೇಗೆ ತಿಳಿಯುವುದು? ಒಂದನ್ನು ಬಿಟ್ಟು ಇನ್ನೊಂದನ್ನು ಹಾಕುವುದು ಹೇಗೆ? ಹತ್ತನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಓಮನ ನಿಯಮ ಕೇಳಿದವನು, ತಲೆ ಕೆರೆದು ಒಪ್ಪಿಕೊಂಡ.

ಅಲ್ಲಿಂದ ಮುಂದೆ ಕೆಲಸ ನಿಂತಿತು. ಹೊಸ ಜೋನ್ ಚಾಲೂ ಮಾಡಲು ಅಲಾರಂ ಕೂರಿಸಿದ ಅಂಗಡಿಯವರ ಕೋಡ್ ಬೇಕು. ನನ್ನ ಹತ್ತಿರ ಇದ್ದದ್ದು ದಿನಾ ಹಾಕಿ ತೆಗೆಯುವ ನಾಲ್ಕು ಅಂಕಿ ಮಾತ್ರ. ಅಂಗಡಿಯವರನ್ನು ಕೇಳಿದರೆ “ಅದು ಕಸ್ಟಮರಿಗೆ ಕೊಡಲ್ಲ, ನಮ್ಮ ರೂಲು” ಎಂದರು. ನನ್ನ ದುಡ್ಡು, ನನ್ನ ಗೋಡೆ, ಕೋಡ್ ಮಾತ್ರ ಅವರದು! ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈ ಕಿಸೆಯಲ್ಲಿಟ್ಟುಕೊಂಡು ಹೋದರೆ ಸುಮ್ಮನಿರುತ್ತೇವೆಯೇ? ಕೊನೆಗೆ ಪೆಟ್ಟಿಗೆಯನ್ನು ರೀಸೆಟ್ ಮಾಡಿ, ಅಳಿಸಿಹೋದ ಹಳೆಯ ಐದು ಜೋನ್‌ಗಳನ್ನೂ ಮೊದಲಿನಿಂದ ಬರೆಯಬೇಕಾಯಿತು. ಒಂದು ಭಾನುವಾರ ಪೂರ್ತಿ ಹೋಯಿತು. ಕೆಲವು ಪೆಟ್ಟಿಗೆಗಳಲ್ಲಿ ರೀಸೆಟ್‌ಗೂ ಬೀಗ ಹಾಕಿಟ್ಟಿರುತ್ತಾರೆ, ನಮ್ಮದರಲ್ಲಿ ಇರಲಿಲ್ಲ, ಪುಣ್ಯ.

ಈಗ ಹೊಸ ಹಿಂಬಾಗಿಲಿಗೊಂದು, ಮೆಟ್ಟಿಲ ಬಾಗಿಲಿಗೊಂದು ಸೆನ್ಸರ್. ಕೋಣೆಯ ಮೂಲೆಯಲ್ಲಿ ಓಡಾಟ ಹಿಡಿಯುವ ಸೆನ್ಸರ್. ಅಡುಗೆಮನೆಯ ಹಳೆಯ ಬಾಗಿಲು ಒಳಜೋನ್ ಆಗಿದೆ, ರಾತ್ರಿ ನಾವು ಮನೆಯಲ್ಲಿದ್ದಾಗ ಅದೂ ಓಡಾಟದ ಸೆನ್ಸರೂ ಎಣಿಕೆಗೆ ಬರುವುದಿಲ್ಲ. ಮೂಲೆಯ ಸೆನ್ಸರನ್ನು ಪೂರ್ವದ ಕಿಟಕಿಗೆ ಎದುರಾಗಿ ಇಡಲಿಲ್ಲ, ಬೆಳಗಿನ ಬಿಸಿಲು ನೇರ ಬಿದ್ದರೆ ಸುಳ್ಳು ಕೂಗು. ತಂತಿ ಹೋಗುವ ತೂತನ್ನು ಸಿಲಿಕೋನ್‌ನಿಂದ ಮುಚ್ಚಿಸಿದೆ. ನಮ್ಮ ಮಲೆನಾಡಿನಲ್ಲಿ ಇರುವೆಗೂ ಹಲ್ಲಿಗೂ ಅಂಥ ತೂತು ಸಿಕ್ಕರೆ ಗೃಹಪ್ರವೇಶವೇ.

ಕರೆಂಟು ಹೋದಾಗ ಅಲಾರಂ ನಡೆಸುವ ಬ್ಯಾಟರಿಯನ್ನು ನೋಡಲು ಯಾರೂ ಹೇಳಿರಲಿಲ್ಲ. 12 ವೋಲ್ಟ್, 7 ಆಂಪಿಯರ್-ಗಂಟೆಯದು. ಹೊಸ ಸೆನ್ಸರ್ ಸೇರಿ ಒಟ್ಟು 150 ಮಿಲಿ ಆಂಪಿಯರ್ ಎಳೆದರೂ ಲೆಕ್ಕದ ಪ್ರಕಾರ 40 ಗಂಟೆಗೂ ಮೇಲೆ ಬರಬೇಕು. ಮೇನ್ ಆಫ್ ಮಾಡಿ ನೋಡಿದೆವು, 20 ನಿಮಿಷಕ್ಕೆ ಸತ್ತಿತು. 2014ರ ಬ್ಯಾಟರಿಯೇ! ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಎಷ್ಟು ಹೊತ್ತು ಎಂದು ಶಿವಮೊಗ್ಗದವರಿಗೆ ಹೇಳಬೇಕಿಲ್ಲ. ಹೊಸ ಬ್ಯಾಟರಿ, ತಂತಿ, ಸೆನ್ಸರ್, ಕೂಲಿ ಎಲ್ಲ ಸೇರಿ 6,400 ರೂಪಾಯಿ ಆಯಿತು. ಗೋಡೆಯ ಮೇಲೆ ತಂತಿ ಮುಚ್ಚುವ ಕೇಸಿಂಗ್ ಪಟ್ಟಿ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಗಾರೆ ಮೆತ್ತುವ ಮೊದಲೇ ಒಂದು ಖಾಲಿ ಪೈಪು ಹಾಕಿಸಿದ್ದರೆ ಇದು ಬೇಕಿರಲಿಲ್ಲ. ಆ ತಪ್ಪು ನಮ್ಮದೇ.

ಹೊಸದಾಗಿ ಅಲಾರಂ ಹಾಕಿಸುವವರಲ್ಲಿ ನನ್ನ ವಿನಂತಿ ಒಂದೇ: ಕೊನೆಯ ಕಂತು ಕೊಡುವ ಮುಂಚೆ ಯಾವ ಜೋನ್ ಎಲ್ಲಿ ಎಂಬ ಪಟ್ಟಿಯನ್ನೂ ಆ ಕೋಡನ್ನೂ ಬರೆಸಿಕೊಳ್ಳಿ. ಕೊಡುವುದಿಲ್ಲ ಎಂದರೆ ಬೇರೆ ಅಂಗಡಿ ನೋಡಿ. ನಮ್ಮ ಮನೆಯದನ್ನು ಈಗ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಎಲ್ಲಿ ಎಂದು ಪತ್ರಿಕೆಗೆ ಬರೆಯುವುದಿಲ್ಲ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಶಿವಮೊಗ್ಗ