ಆಟದ ಹೊತ್ತಿನಲ್ಲಾದರೂ ಮಕ್ಕಳನ್ನು ಆಡಲು ಬಿಡಿ

ಸಂಪಾದಕರಿಗೆ,

ಮಾನ್ಯರೇ,

ಶಾಲೆಗೆ ಸೇರಿಸುವ ಕಾಲ ಬಂತೆಂದರೆ ಎಲ್ಲಿ ನೋಡಿದರೂ ಶಿಶುವಿಹಾರಗಳ ಜಾಹೀರಾತು. 'ಆಟದ ಮೂಲಕ ಪಾಠ' ಎಂಬ ಸಾಲು ಇಲ್ಲದ ಜಾಹೀರಾತು ಈಗ ಸಿಗುವುದೇ ಕಷ್ಟ. ಸಂತೋಷ. ಆದರೆ ಅದರ ಕೆಳಗೇ ಇನ್ನೊಂದು ಭರವಸೆ ಇರುತ್ತದೆ: ನಾಲ್ಕು ವರ್ಷ ತುಂಬುವಷ್ಟರಲ್ಲಿ ಅಕ್ಷರಮಾಲೆ ಪೂರ್ತಿ, ನೂರರವರೆಗೆ ಎಣಿಕೆ, ಜತೆಗೆ ಬರವಣಿಗೆ. ಇಷ್ಟೆಲ್ಲ ಮುಗಿಸಿದ ಮೇಲೆ ಆಟಕ್ಕೆ ಹೊತ್ತೆಲ್ಲಿ ಉಳಿಯುತ್ತದೆ ಎಂದು ಕೇಳುವವರು ಕಡಿಮೆ. ದಿನವಿಡೀ ಚಿಕ್ಕ ಮಕ್ಕಳ ನಡುವೆಯೇ ಇರುವ ಶಿಕ್ಷಕಿ ನಾನು. ಈ ಬಗ್ಗೆ ಸ್ವಲ್ಪ ಬರೆಯಬೇಕೆನಿಸಿತು.

ಆಟದ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಮೇಜಿನ ಮೇಲೆ ಬಣ್ಣದ ಮರದ ತುಂಡುಗಳಿರುತ್ತವೆ. ಮಗು ಒಂದನ್ನು ಕೈಗೆತ್ತಿಕೊಳ್ಳುತ್ತದೆ. ತಕ್ಷಣ ದೊಡ್ಡವರು ಬಾಗಿ, "ಇದು ಯಾವ ಬಣ್ಣ ಹೇಳು? ಎಷ್ಟಿದೆ ಎಣಿಸು?" ಎನ್ನುತ್ತಾರೆ. ಪಾಪ, ಮಗುವಿನ ತಲೆಯಲ್ಲಿ ಬಣ್ಣ ಇರಲೇ ಇಲ್ಲ. ಈ ಉದ್ದನೆಯ ತುಂಡು ಆ ಸಣ್ಣ ತುಂಡಿನ ಮೇಲೆ ನಿಲ್ಲುತ್ತದೋ ಬೀಳುತ್ತದೋ ಎಂದು ಅದು ನೋಡಲು ಹೊರಟಿತ್ತು. ಕೆಂಪು ಎನ್ನುತ್ತದೆ, ತುಂಡನ್ನು ಕೆಳಗಿಡುತ್ತದೆ, ಎದ್ದು ಹೋಗುತ್ತದೆ. ಆಟ ಅಲ್ಲಿಗೆ ಮುಗಿಯಿತು. ಪಾಠವೂ ಆಗಲಿಲ್ಲ ಅನ್ನಿ, ಬಣ್ಣ ಅದಕ್ಕೆ ಮೊದಲೇ ಗೊತ್ತಿತ್ತು.

ನನ್ನ ತಕರಾರು ಇಷ್ಟೇ. ಏನು ಆಡಬೇಕು, ಹೇಗೆ ಆಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಮಗುವಿನ ಕೈಯಲ್ಲಿರಬೇಕು. ಆ ಹಿಡಿತವನ್ನು ನಾವು ಕಿತ್ತುಕೊಂಡ ಮೇಲೆ ಎಷ್ಟು ಆಟಿಕೆ ತಂದು ಸುರಿದರೂ ಅದು ಆಟವಲ್ಲ.

ನಾಲ್ಕು ವರ್ಷದ ಇಬ್ಬರು ಡಾಕ್ಟರಾಟ ಶುರುಮಾಡುವುದನ್ನು ದೂರ ಕೂತು ಕೇಳಿ ನೋಡಿ. "ನಾನು ಡಾಕ್ಟರ್." "ನಿನ್ನೇನೂ ನೀನೇ ಆಗಿದ್ದೆ." "ಸರಿ, ಇಬ್ರೂ ಡಾಕ್ಟರ್. ಗೊಂಬೆಗೆ ಜ್ವರ." ಅಷ್ಟರಲ್ಲಿ ಮೂರನೆಯದು ಬಂದು "ನಾನು?" ಎನ್ನುತ್ತದೆ. "ನೀನು ಗೊಂಬೆ ಅಮ್ಮ. ನೀನು ಅಳಬೇಕು. ಸುಳ್ಳುಸುಳ್ಳೇ, ಆಯ್ತಾ?" ಒಂದು ಚಮಚ ಥರ್ಮಾಮೀಟರ್ ಆಗುತ್ತದೆ. ಅಳಬೇಕಾದವಳಿಗೆ ನಗು ಬರುತ್ತದೆ. ಇಬ್ಬರು ಡಾಕ್ಟರರೂ ಸಿಟ್ಟಾಗುತ್ತಾರೆ. ಅವಳು ಬಾಯಿ ಬಿಗಿಹಿಡಿದು ಮತ್ತೆ ಅಳಲು ಕೂರುತ್ತಾಳೆ.

ಈ ಐದು ನಿಮಿಷದಲ್ಲಿ ಎಷ್ಟು ಕೆಲಸ ನಡೆಯಿತು ನೋಡಿ. ಜಗಳವನ್ನು ಮಾತಿನಲ್ಲಿ ಬಗೆಹರಿಸಿಕೊಂಡರು. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಿದರು. ಬಂದ ನಗುವನ್ನು ತಡೆದುಕೊಂಡರು. ಚಮಚವನ್ನು ಚಮಚವಲ್ಲದ ಇನ್ನೊಂದಾಗಿ ಕಂಡರು. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಮಚ ಥರ್ಮಾಮೀಟರಿನ ಬದಲು ನಿಲ್ಲಬಹುದು ಎಂದು ಒಪ್ಪುವ ಮನಸ್ಸೇ ಮುಂದೆ, ಹಾಳೆಯ ಮೇಲಿನ ಒಂದು ಗೀಟು ಒಂದು ಸದ್ದಿನ ಬದಲು ನಿಲ್ಲುತ್ತದೆ ಎಂಬುದನ್ನೂ ಒಪ್ಪುತ್ತದೆ. ಓದು ಶುರುವಾಗುವುದೇ ಅಲ್ಲಿಂದ.

ರಷ್ಯಾದ ಮನಶ್ಶಾಸ್ತ್ರಜ್ಞ ವಿಗೋಟ್‌ಸ್ಕಿ ಹೇಳಿದ ಒಂದು ಮಾತಿದೆ: ಆಟದಲ್ಲಿ ಮಗು ತನಗಿಂತ ಒಂದು ತಲೆಯಷ್ಟು ಎತ್ತರ ಇರುತ್ತದೆ. ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 1948ರಲ್ಲಿ ಪ್ರಕಟವಾದ ಸೋವಿಯತ್ ಅಧ್ಯಯನವೊಂದರಲ್ಲಿ ಮಕ್ಕಳಿಗೆ ಅಲುಗಾಡದೆ ನಿಲ್ಲಲು ಹೇಳಿದರು. ಬರೀ 'ನಿಂತ್ಕೋ' ಎಂದಾಗ ಬೇಗ ಚಡಪಡಿಸಿದ ನಾಲ್ಕೈದು ವರ್ಷದ ಮಕ್ಕಳು, ಆಟದಲ್ಲಿ ಕಾವಲುಗಾರನ ಪಾತ್ರ ಸಿಕ್ಕಾಗ ಎಷ್ಟೋ ಜಾಸ್ತಿ ಹೊತ್ತು ನಿಂತರು. 'ಒಂದು ಕಡೆ ಕೂರೋದೇ ಇಲ್ಲ' ಎಂದು ದೂರುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನೇ ಹೇಳುತ್ತೇನೆ. ಕೂರಲು ಕಲಿಯುವುದೂ ಆಟದಲ್ಲೇ.

ಕಲಿಸುವ ನಮ್ಮ ಆತುರಕ್ಕೆ ಬೆಲೆಯೂ ಇದೆ. 2011ರಲ್ಲಿ ಅಮೆರಿಕದ ಸಂಶೋಧಕರು ಒಂದು ಹೊಸ ಬಗೆಯ ಆಟಿಕೆ ಮಾಡಿ ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳಿಗೆ ಕೊಟ್ಟರು. ಒಂದು ಕೊಳವೆ ಎಳೆದರೆ ಕೀಚ್ ಎನ್ನುತ್ತದೆ. ಇನ್ನೊಂದು ಕಡೆ ದೀಪ, ಮತ್ತೊಂದು ಕಡೆ ಸಂಗೀತ, ಒಳಗೆಲ್ಲೋ ಒಂದು ಕನ್ನಡಿ. ಕೆಲವು ಮಕ್ಕಳಿಗೆ "ನೋಡು, ಇದು ಕೆಲಸ ಮಾಡೋದು ಹೀಗೆ" ಎಂದು ಕೀಚ್ ಎನ್ನಿಸಿ ತೋರಿಸಿದರು. ಉಳಿದವರಿಗೆ ಪಾಠ ಮಾಡಲಿಲ್ಲ. ಪಾಠ ಹೇಳಿಸಿಕೊಂಡ ಮಕ್ಕಳು ಕೀಚ್ ಕೀಚ್ ಎನ್ನಿಸುತ್ತಾ ಅದರಲ್ಲೇ ಉಳಿದರು, ಬೇಗ ಕೈಬಿಟ್ಟರು. ಪಾಠವಿಲ್ಲದವರು ಹೆಚ್ಚು ಹೊತ್ತು ಆಡಿದರು, ಉಳಿದ ಗುಟ್ಟುಗಳನ್ನೂ ಹೆಚ್ಚಾಗಿ ಪತ್ತೆಮಾಡಿದರು. ಟೀಚರ್ ತೋರಿಸಿದರು ಎಂದರೆ ಇದರಲ್ಲಿ ಇರುವುದು ಅಷ್ಟೇ ಎಂದು ಮಗು ನಂಬುತ್ತದೆ. ನಮ್ಮ ಮೇಲೆ ಅದಕ್ಕೆ ಅಷ್ಟು ವಿಶ್ವಾಸ! ಹಾಗಾಗಿ ಬಾಯಿ ಮುಚ್ಚಿಕೊಂಡಿರುವುದೂ ನಮ್ಮ ಕೆಲಸದ ಒಂದು ಭಾಗ.

ಹಾಗಂತ ದೊಡ್ಡವರು ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂರಬೇಕು ಎಂದು ನಾನು ಹೇಳುತ್ತಿಲ್ಲ. ಬರೀ ಆಡಿಕೊಂಡಿದ್ದರೆ ಓದು ತಾನಾಗಿ ಬಂದುಬಿಡುತ್ತದೆ ಎಂಬುದೂ ಸುಳ್ಳು. ಅಕ್ಷರವನ್ನು ಯಾರಾದರೂ ಕಲಿಸಲೇಬೇಕು. ಆದರೆ ಜಾಗ ಸಿದ್ಧಮಾಡುವುದು, ಬೇಕಾದ ಸಾಮಾನು ಕೈಗೆಟುಕುವಂತೆ ಇಡುವುದು, ಆಟ ನಿಂತುಹೋದಾಗ ಒಂದು ಪ್ರಶ್ನೆ ಹಾಕಿ ಮತ್ತೆ ಸರಿದು ನಿಲ್ಲುವುದು ಬೇರೆ. ಆಟದ ನಡುವೆ ನುಗ್ಗಿ ಪರೀಕ್ಷೆ ಮಾಡುವುದು ಬೇರೆ. ಮೇಲಿನ ಡಾಕ್ಟರರ ಹತ್ತಿರ ಒಂದು ಹಾಳೆ, ಪೆನ್ಸಿಲು ಇಟ್ಟು "ಔಷಧಿ ಚೀಟಿ ಕೊಡಲ್ವಾ?" ಎಂದರೆ ಸಾಕು. ಗೀಚಲಿ ಬಿಡಿ. ಚೀಟಿಯಲ್ಲಿ ಏನೋ ಬರೆದಿರುತ್ತದೆ, ಅದನ್ನು ಓದುತ್ತಾರೆ ಎಂಬುದು ಅವರಿಗೆ ಆಗಲೇ ಗೊತ್ತು.

ಪೆನ್ಸಿಲಿನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಗಟ್ಟಿ ಮೂಳೆಯೇ ಅಲ್ಲ, ಕಿವಿಯ ಅಂಚಿನಂತೆ ಮೆತ್ತಗಿರುತ್ತವೆ. ಬಾಲ್ಯವಿಡೀ ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಕೈಯ ಸ್ನಾಯುಗಳದ್ದೂ ನಿಧಾನದ ದಾರಿಯೇ. ಮೂರು ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು ಹಟಕ್ಕಲ್ಲ. ಮಣ್ಣು ನಾದುವುದು, ನೀರು ಸುರಿಯುವುದು, ಮಣಿ ಪೋಣಿಸುವುದು, ಜೋತು ಬೀಳುವುದು, ಇವೆಲ್ಲ ಆ ಕೈಯನ್ನು ಬರೆಯುವ ಕೈ ಮಾಡುತ್ತವೆ. ಚುಕ್ಕಿ ಸೇರಿಸುವ ಹಾಳೆ ಮುಗಿಸಲಿಲ್ಲ ಎಂದು ಮರಳಿನಾಟ ತಪ್ಪಿಸುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಆ ಹಾಳೆ ಮುಗಿಸಲು ಬೇಕಾದ ಬಲ ಬರುವುದೇ ಮರಳಿನಿಂದ ಎಂದು ಹೇಳಿದರೆ ಕೇಳುವ ವ್ಯವಧಾನ ಯಾರಿಗೂ ಇಲ್ಲ.

ಇನ್ನು, ತಮ್ಮ ಮಗು ಯಾರ ಜತೆಗೂ ಸೇರದೆ ಒಂದೇ ಆಡುತ್ತದೆ ಎಂದು ಗಾಬರಿಯಾಗುವವರಿಗೆ ಎರಡು ಮಾತು. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಮಕ್ಕಳ ಆಟವನ್ನು ಗಮನಿಸಿ ವಿಂಗಡಿಸಿದಾಗ, ದೂರ ನಿಂತು ಬೇರೆಯವರ ಆಟ ನೋಡುವುದನ್ನೂ, ಪಕ್ಕಪಕ್ಕದಲ್ಲೇ ಕೂತು ತಮ್ಮ ಪಾಡಿಗೆ ತಾವು ಆಡುವುದನ್ನೂ ಪಟ್ಟಿಯಲ್ಲಿ ಸೇರಿಸಿದ್ದರು. ಎರಡು ವರ್ಷದ ಮಗು ಪಕ್ಕದ ಮಗುವಿನ ಜತೆ ಮಾತಾಡದಿರಬಹುದು, ಆದರೆ ಅದರ ಬಕೆಟ್ಟಿನ ಮೇಲೆ ಕಣ್ಣಿಟ್ಟೇ ಇರುತ್ತದೆ. 'ಹೋಗು, ಸೇರ್ಕೋ' ಎಂದು ತಳ್ಳಬೇಡಿ.

ಶಿಕ್ಷಣ ಬಲ್ಲವರು, ದೊಡ್ಡ ಸಂಸ್ಥೆಗಳು ಇದನ್ನೆಲ್ಲ ಒಪ್ಪಿ ಎಷ್ಟೋ ಕಾಲವಾಯಿತು. 1837ರಲ್ಲಿ ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ಚಿಕ್ಕ ಮಕ್ಕಳಿಗಾಗಿ ಸಂಸ್ಥೆ ತೆರೆದಾಗ ಮಕ್ಕಳ ಕೈಗೆ ಕೊಟ್ಟದ್ದು ಚೆಂಡು ಮತ್ತು ಮರದ ತುಂಡುಗಳನ್ನು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕು ಎಂದೇ ಬರೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, 3 ಮತ್ತು 4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಚುರುಕಾಗಿ ಓಡಿ ಕುಣಿಯಬೇಕು, ಕೂತು ಪರದೆ ನೋಡುವುದು 1 ಗಂಟೆ ದಾಟಬಾರದು ಎಂದಿತು. ಮೂರು ಗಂಟೆ! ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ಹುಡುಕಿ ನೋಡಿ, ಅರ್ಧ ಗಂಟೆ ಸಿಕ್ಕರೆ ದೊಡ್ಡದು. ಅದೂ ತಪ್ಪು ಮಾಡಿದ ಮಗುವಿಗೆ ಮೊದಲು ಕಟ್ ಆಗುವುದು ಆ ಅರ್ಧ ಗಂಟೆಯೇ. ಗಲಾಟೆ ಮಾಡಿದ್ದಕ್ಕೆ ಊಟ ತಪ್ಪಿಸಿದರೆ ನಾವು ಸುಮ್ಮನಿರುತ್ತೇವಾ? ಆಟ ತಪ್ಪಿಸಿದರೆ ಯಾರೂ ಕೇಳುವುದಿಲ್ಲ.

ಶಾಲೆಗಳನ್ನೇ ದೂರಿ ಪ್ರಯೋಜನವಿಲ್ಲ ಎಂಬುದೂ ನನಗೆ ಗೊತ್ತು. ಮನೆಗೆ ಕಳಿಸಲು ಏನಾದರೂ ಹಾಳೆ ಇರಲೇಬೇಕು ಎಂಬ ಒತ್ತಡ ಬರುವುದು ಹೆತ್ತವರಿಂದ. ಖಾಲಿ ಕೈಯಲ್ಲಿ, ಮೈತುಂಬ ಮರಳು ಮೆತ್ತಿಕೊಂಡು ಬಂದ ಮಗುವನ್ನು ಕಂಡರೆ 'ಇವತ್ತೇನೂ ಕಲಿಸಿಲ್ಲ' ಎನ್ನಿಸುತ್ತದೆ. ಹಾಗಾಗಿ ನನ್ನ ಕೋರಿಕೆ ಹೆತ್ತವರಿಗೆ. ಶಾಲೆ ನೋಡಲು ಹೋದಾಗ ಎಷ್ಟು ಅಕ್ಷರ ಕಲಿಸುತ್ತೀರಿ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ಮಗು ತಾನೇ ಆರಿಸಿಕೊಂಡ ಆಟವನ್ನು ದಿನಕ್ಕೆ ಎಷ್ಟು ಹೊತ್ತು ಆಡುತ್ತದೆ? ಶಿಕ್ಷೆ ಎಂದು ಆ ಹೊತ್ತನ್ನು ಕಿತ್ತುಕೊಳ್ಳುವುದುಂಟಾ? ನಿಮ್ಮ ಪತ್ರಿಕೆಯವರೂ ಶಾಲೆಗಳ ಬಗ್ಗೆ ಬರೆಯುವಾಗ ಇದೇ ಎರಡು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಇದ್ದ ಹಾಗೆ ಅಚ್ಚುಮಾಡಿದರೆ ತುಂಬಾ ಉಪಕಾರವಾಗುತ್ತದೆ.

ಇಂತಿ,
ಶಿಶುವಿಹಾರದ ಒಬ್ಬ ಶಿಕ್ಷಕಿ