ಕಬ್ಬಿಣದ ಡ್ರಿಪ್: ಬಾಟಲಿ ಮುಗಿದ ಮೇಲಿನ ಅರ್ಧ ಗಂಟೆ

ಮಾನ್ಯ ಸಂಪಾದಕರೇ,

‘ರಕ್ತ ಕಡಿಮೆ ಇದೆ, ಐರನ್ ಡ್ರಿಪ್ ಹಾಕಿಸಿಕೊಳ್ಳಿ’ ಎಂದು ಬರೆಸಿಕೊಂಡು ಡೇ ಕೇರ್ ವಾರ್ಡಿಗೆ ಬರುವ ಗರ್ಭಿಣಿಯರಿಗೆ ಅಲ್ಲಿ ಏನು ನಡೆಯುತ್ತದೆಂದು ಯಾರೂ ಸರಿಯಾಗಿ ಹೇಳಿರುವುದಿಲ್ಲ. ಕೆಲವರು ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಬಾಟಲಿ ಮುಗಿದ ಕೂಡಲೇ ಬಸ್ಸಿನ ಹೊತ್ತಾಯಿತೆಂದು ಎದ್ದು ಹೊರಡುತ್ತಾರೆ. ಎರಡೂ ತಪ್ಪು.

ತಿಂಡಿ ತಿಂದು, ನೀರು ಕುಡಿದೇ ಬನ್ನಿ. ತಾಯಿ ಕಾರ್ಡ್ ಮತ್ತು ಇತ್ತೀಚಿನ ರಕ್ತಪರೀಕ್ಷೆಯ ಚೀಟಿ ಜೊತೆಗಿರಲಿ. ಮೊದಲ ಮೂರು ತಿಂಗಳಲ್ಲಿ ಈ ಡ್ರಿಪ್ ಕೊಡುವುದಿಲ್ಲ. ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, 5 ಗ್ರಾಂಗಿಂತ ಕೆಳಗಿದ್ದರೆ ಆಸ್ಪತ್ರೆಗೆ ದಾಖಲಾಗಲೇಬೇಕು. ಅಸ್ತಮಾ, ಅಲರ್ಜಿ ಇದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಿ. ತೂಕ ನೋಡುವುದು ಕಾಟಾಚಾರಕ್ಕಲ್ಲ. ಎಚ್‌ಬಿ ಎಷ್ಟು ಏರಬೇಕೋ ಅದನ್ನು ತೂಕದಿಂದ ಗುಣಿಸಿ, ಮತ್ತೆ 2.4ರಿಂದ ಗುಣಿಸಿ, ದೇಹದ ದಾಸ್ತಾನಿಗೆಂದು 500 ಕೂಡಿಸುವುದು ರೂಢಿಯ ಲೆಕ್ಕ. 50 ಕೆ.ಜಿ. ತೂಕದವರ ಎಚ್‌ಬಿ 8ರಿಂದ 11ಕ್ಕೆ ಏರಲು 860 ಮಿ.ಗ್ರಾಂ ಕಬ್ಬಿಣ ಬೇಕು. ಡ್ರಿಪ್‌ನಲ್ಲಿ ಕೊಡುವ ಕಬ್ಬಿಣದ ಔಷಧ ಐರನ್ ಸುಕ್ರೋಸ್ ಆದರೆ ಸಲಕ್ಕೆ 200 ಮಿ.ಗ್ರಾಂ, ದಿನ ಬಿಟ್ಟು ದಿನ, ನಾಲ್ಕೈದು ಸಲ ಬರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಅಂದರೆ ಎಫ್‌ಸಿಎಂ, ಆದರೆ ಒಂದೇ ಸಲಕ್ಕೆ 1000 ಮಿ.ಗ್ರಾಂವರೆಗೆ ಕೊಡಬಹುದು. ಕೂಲಿ ಬಿಟ್ಟು ಬರುವವರಿಗೆ ಇದೇ ವಾಸಿ.

ಡಿಕಾಕ್ಷನ್ ಬಣ್ಣದ ಈ ಔಷಧವನ್ನು ಸಲೈನ್‌ನಲ್ಲೇ ಬೆರೆಸಬೇಕು, ಗ್ಲೂಕೋಸ್‌ನಲ್ಲಲ್ಲ. 1000 ಮಿ.ಗ್ರಾಂ ಎಫ್‌ಸಿಎಂಗೆ ಸಲೈನ್ 250 ಮಿ.ಲೀ. ಮೀರಬಾರದು; ಹೆಚ್ಚು ತೆಳುವಾದರೆ ಔಷಧ ಕೆಡುತ್ತದೆ. ಡ್ರಿಪ್ ಕನಿಷ್ಠ 15 ನಿಮಿಷ ಹರಿಯಬೇಕು. ಬೇಗ ಮುಗಿಯಲೆಂದು ಸಂಬಂಧಿಕರು ಡ್ರಿಪ್ ಕೊಳವೆಯ ವೇಗ ಹೊಂದಿಸುವ ಗಾಲಿ ತಿರುಗಿಸುವುದನ್ನು ದಯವಿಟ್ಟು ನಿಲ್ಲಿಸಬೇಕು.

ನಾವು ಹೆಚ್ಚು ಹೆದರುವುದು ಔಷಧ ರಕ್ತನಾಳದಿಂದ ಹೊರಗೆ ಸೋರುವುದಕ್ಕೆ. ಚರ್ಮದಡಿ ಇಳಿದ ಕಬ್ಬಿಣ ಕಂದು ಕಲೆಯಾಗಿ ವರ್ಷಗಟ್ಟಲೆ ಉಳಿಯುತ್ತದೆ, ಕೆಲವರಿಗೆ ಹೋಗುವುದೇ ಇಲ್ಲ. ಅದಕ್ಕೇ ಮೊಣಕೈ ಮಡಿಕೆ ಬಿಟ್ಟು ಮುಂಗೈಯ ನಾಳ ಹುಡುಕುತ್ತೇವೆ, ಮೊದಲು ಬರೀ ಸಲೈನ್ ಹರಿಸಿ ನೋಡುತ್ತೇವೆ. ಸೂಜಿಯ ಜಾಗದಲ್ಲಿ ಉರಿ, ಊತ, ಬಿಗಿತ ಕಂಡರೆ ‘ಸ್ವಲ್ಪ ತಡೆದುಕೊಳ್ಳೋಣ’ ಎನ್ನದೆ ಕೂಗಿ. ಡ್ರಿಪ್ ನಿಲ್ಲಿಸುವುದು ಎರಡು ಸೆಕೆಂಡಿನ ಕೆಲಸ.

ಶುರುವಾದ ಕೆಲ ನಿಮಿಷಗಳಲ್ಲಿ ಮುಖ ಬಿಸಿಯಾಗಿ ಕೆಂಪೇರಬಹುದು, ಎದೆ ಬಿಗಿದಂತೆ, ಸೊಂಟ ಹಿಡಿದಂತೆ ಆಗಬಹುದು. ಬಿ.ಪಿ. ಸರಿಯಿದ್ದರೆ ಗಾಬರಿ ಬೇಡ. ಡ್ರಿಪ್ ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗಿ ಮುಂದುವರಿಸಬಹುದು. ಆದರೆ ಮೈತುಂಬ ದದ್ದು, ಗಂಟಲು ಕಟ್ಟುವುದು, ಉಸಿರಿಗೆ ಕಷ್ಟ, ಬಿ.ಪಿ. ಕುಸಿತ ಇವು ನಿಜವಾದ ಅಪಾಯ. ಆಗ ತಡಮಾಡದೆ ತೊಡೆಯ ಸ್ನಾಯುವಿಗೆ ತೀವ್ರ ಅಲರ್ಜಿಗೆ ಕೊಡುವ ತುರ್ತು ಚುಚ್ಚುಮದ್ದು ಅಡ್ರಿನಲಿನ್ 0.5 ಮಿ.ಗ್ರಾಂ ಕೊಡಬೇಕು. ಅದು, ಆಮ್ಲಜನಕ, ವೈದ್ಯರು ಇಲ್ಲದ ಕಡೆ ಈ ಡ್ರಿಪ್ ಹಾಕಲೇಬಾರದು. ಮನೆಯಲ್ಲಿ ಹಾಕಿಸಿಕೊಳ್ಳುವ ಮಾತಂತೂ ಬೇಡ. ಇಂಥ ಪ್ರತಿಕ್ರಿಯೆ ಅಪರೂಪ, ಆದರೂ ಬಾಟಲಿ ಮುಗಿದ ಮೇಲೂ ಕಾಣಿಸಬಹುದು. ಅರ್ಧ ಗಂಟೆ ಕೂರಿಸಿಕೊಳ್ಳುವುದು ಅದಕ್ಕಾಗಿ. ಆ ಹೊತ್ತಿನಲ್ಲಿ ಬಿ.ಪಿ. ಜೊತೆ ಮಗುವಿನ ಎದೆಬಡಿತವನ್ನೂ ನೋಡುತ್ತೇವೆ.

ಮನೆಗೆ ಹೋದ ಮೇಲೆ ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು. ಎಫ್‌ಸಿಎಂ ಆದ ಮೇಲೆ ಕನಿಷ್ಠ 5 ದಿನ ಕಬ್ಬಿಣದ ಮಾತ್ರೆ ಬೇಡ. ಮತ್ತೆ ಯಾವಾಗ ಶುರು ಮಾಡಬೇಕೆಂದು, ಫೋಲಿಕ್ ಆಮ್ಲ ಹೇಗೆ ಮುಂದುವರಿಸಬೇಕೆಂದು ಕೇಳಿಕೊಂಡೇ ಹೊರಡಿ. ಎಚ್‌ಬಿ ಪರೀಕ್ಷೆ 4 ವಾರಗಳ ನಂತರ. ವಾರದಲ್ಲೇ ನೋಡಿ ‘ಏರಲೇ ಇಲ್ಲ’ ಎಂದು ಕುಗ್ಗುವವರಿದ್ದಾರೆ. ಹೊಸ ರಕ್ತಕಣ ತಯಾರಾಗಲು ಸಮಯ ಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೀಗಿರುವಾಗ ಇಷ್ಟು ವಿವರವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಮುದ್ರಿಸಿ ತಾಯಿ ಕಾರ್ಡಿನೊಳಗೆ ಇಡುವುದು ಆರೋಗ್ಯ ಇಲಾಖೆಗೆ ಭಾರವಾಗದು. ಜೊತೆಗೆ, ದಿನದ ಕೊನೆಯ ಡ್ರಿಪ್ ಮಧ್ಯಾಹ್ನ 2 ಗಂಟೆಯೊಳಗೆ ಶುರುವಾಗುವಂತೆ ಆಸ್ಪತ್ರೆಗಳು ನೋಡಿಕೊಳ್ಳಲಿ. ಆಗ ದೂರದ ಹಳ್ಳಿಯ ಹೆಣ್ಣುಮಕ್ಕಳಿಗೂ ಆ ಅರ್ಧ ಗಂಟೆ ಕೂತು, ಸಂಜೆಯ ಬಸ್ಸು ಹಿಡಿಯಲು ಆಗುತ್ತದೆ.

– ಡೇ ಕೇರ್ ವಾರ್ಡಿನ ಶುಶ್ರೂಷಾಧಿಕಾರಿಗಳು